ಲಗ್ನಪತ್ರಿಕೆ ಬರೆಯಲೊಲ್ಲದ ಕಂಪ್ಯೂಟರು

ರೋಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗುವನ್ನು ಹುಡುಕಿಕೊಂಡು ಹೋಗುವ ತ್ರಾಸಿಲ್ಲ. ಅದೇ ಫೋನು ಮಾಡಿ ಕರೆಯುತ್ತದೆ.

ಹೋದ ವರ್ಷ ಒಂದೇ ವಾರದಲ್ಲಿ ಮೂರು ಮನೆಗಳ ಕಂಪ್ಯೂಟರಿಗೆ ಒಂದೇ ಬೇನೆ ಬಂತು. ನಡುವೆಯೇ ಬಂದ್ ಆಗುವುದು, ತಾನಾಗಿಯೇ ಮತ್ತೆ ಚಾಲೂ ಆಗುವುದು. ಆ ಮೂರರಲ್ಲಿ ಒಂದು ಗಜೇಂದ್ರಗಡದ ನಮ್ಮ ಮಾವನವರದು. ಹೆಂಡತಿಯ ತಂಗಿಯ ಲಗ್ನ ಗೊತ್ತಾಗಿತ್ತು. ಪ್ರೆಸ್ಸಿನವರು ಹೆಸರು ತಪ್ಪು ಮಾಡುತ್ತಾರೆಂದು, ನಿವೃತ್ತ ಮಾಸ್ತರರಾದ ಮಾವನವರು ಲಗ್ನಪತ್ರಿಕೆಯನ್ನು ತಾವೇ ಟೈಪ್ ಮಾಡಲು ಕೂತಿದ್ದರು. ಶುಕ್ರವಾರದೊಳಗೆ ಪ್ರೆಸ್ಸಿಗೆ ಕೊಡಬೇಕು. ಬಂಧುಗಳ ಪಟ್ಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಬಂದ್! ಊರವರ ಕಂಪ್ಯೂಟರೆಲ್ಲ ನೆಟ್ಟಗೆ ಮಾಡುವ ಅಳಿಯ ಮಾವನದೊಂದು ಮಾಡಲಾರ ಎಂದಾದರೆ ನನ್ನ ಮರ್ಯಾದೆ ಏನಾಗಬೇಕು? ನನ್ನ ಹೆಂಡತಿ ಆಗಲೇ ಒಂದು ಥರ ನೋಡಲು ಶುರು ಮಾಡಿದ್ದಳು.

ಸವಡಿಯ ಕೌದಿ

ಸೋಮವಾರ ಸವಡಿಯ ರೈತರೊಬ್ಬರ ಮನೆಗೆ ಹೋದೆ. ಅರ್ಧ ತಾಸು ನಡೆದು ಬಂದ್ ಆಗುತ್ತದೆ ಎಂದಿದ್ದರು. ನೋಡಿದರೆ ಕಂಪ್ಯೂಟರಿನ ಡಬ್ಬಿಯೇ ಕಾಣಿಸಲೊಲ್ಲದು. ಮೈತುಂಬ ಎರಡು ಮಡಿಕೆ ಕೌದಿ ಹೊದಿಸಿ, ಚಾಲೂ ಮಾಡುವ ಗುಂಡಿಯೊಂದನ್ನು ಹೊರಗೆ ಬಿಟ್ಟಿದ್ದರು.

"ಇದ್ಯಾಕ್ರೀ ಅಮ್ಮಾ?" ಎಂದು ಮನೆಯ ಅಜ್ಜಿಯನ್ನು ಕೇಳಿದೆ.

"ಮತ್ತ ಜ್ವಾಳದ ರಾಶಿ ನಡದೈತಿ. ಧೂಳ ಒಳಗ ಹೋಗಂಗಿಲ್ಲೇನು?"

"ಅದಕ್ಕ ಗಾಳಿ ಆಡಬೇಕಬೇ. ಇಲ್ಲಂದ್ರ ಕಾದು ಬಂದ್ ಆಗತೈತಿ."

ಕೌದಿ ತೆಗೆದೆ, ಒಳಗಿನ ಪಂಕದ ಧೂಳು ಊದಿದೆ. ನೆಟ್ಟಗಾಯಿತು. ಮರುದಿನ ಆ ರೈತರು ಫೋನು ಮಾಡಿದರು.

"ಕಂಪ್ಯೂಟರ್ ಭಾಳ ಚಲೋ ನಡದೈತ್ರಿ. ಆದ್ರ ಗಾಳಿ ಬೇಕಂತ ನೀವ ಹೇಳಿ ಹೋದ್ರಿ. ನಮ್ಮವ್ವ ಮನ್ಯಾಗಿದ್ದ ಒಂದ ಫ್ಯಾನ್ ಅದರ ಮುಂದ ಇಟ್ಟಾಳ. ನಾವೆಲ್ಲಾ ಅಂಗಳದಾಗ ಕುಂತೀವ್ರಿ."

ಈ ಅನುಭವದಿಂದ ಶಾಣ್ಯಾ ಆಗಿ ಮಾವನವರಿಗೆ ಫೋನು ಹಚ್ಚಿದೆ. "ಮಾವಾರ, ಕಂಪ್ಯೂಟರಿಗೆ ಏನರ ಹೊಚ್ಚೀರೇನ್ರಿ?"

"ಇಲ್ರಿ ಅಳಿಯಂದ್ರ. ಚಿಕ್ಕಪ್ಪನ ಮೊಮ್ಮಕ್ಕಳ ತನಕಾ ಬರದಿದ್ದೆ. ಮತ್ತ ಹೋತು!"

ನರಗುಂದದ ಪೂಜೆ

ಬುಧವಾರ ನರಗುಂದದ ಬಟ್ಟೆ ವ್ಯಾಪಾರಿಯ ಮನೆ. ಅಲ್ಲಿ ಅಮಾವಾಸ್ಯೆಗೊಮ್ಮೆ ಅಂಗಡಿಗೆ ಹೇಗೋ ಹಾಗೆಯೇ ಮನೆಯ ಕಂಪ್ಯೂಟರಿಗೂ ಪೂಜೆ. ಎರಡು ವರ್ಷದ ಅರಿಷಿಣ ಕುಂಕುಮ ಗುಂಡಿಗಳ ಮೇಲೆ ಒಣಗಿ ಗಟ್ಟಿಯಾಗಿತ್ತು. ರಿಸ್ಟಾರ್ಟ್ ಗುಂಡಿ ಒಳಗೇ ಸಿಕ್ಕಿಕೊಂಡು, ಯಾರಾದರೂ ಟೇಬಲ್ ಮುಟ್ಟಿದರೆ ಸಾಕು, ಕಂಪ್ಯೂಟರ್ ಹೋಗಿ ಬರುತ್ತಿತ್ತು. ಚಾಕುವಿನ ತುದಿಯಿಂದ ಕೆರೆಯತೊಡಗಿದೆ.

"ಪೂರಾ ತೆಗಿಬ್ಯಾಡ್ರಿ, ಶುಭ ಅದು," ಎಂದರು ವ್ಯಾಪಾರಿ.

"ಸಾವ್ಕಾರ್ರ, ಇನ್ ಮ್ಯಾಲ ಕುಂಕುಮ ಗುಂಡಿಗೆ ಬ್ಯಾಡ್ರಿ. ಬಾಜೂಕ ಹಚ್ಚ್ರಿ."

"ಆತು. ಹಂಗಾರ ಕಾಯಿ ಎಲ್ಲೆ ಒಡಿಯೂದು?"

"ಇಷ್ಟ ದಿನಾ ಎಲ್ಲೆ ಒಡಿತಿದ್ರಿ?"

ಅವರು ಕಂಪ್ಯೂಟರಿನ ಕಡೆ ಕೈ ಮಾಡಿದರು. ನಾನು ಡಬ್ಬಿಯ ನೆತ್ತಿ ನೋಡಿದೆ. ಒಳ್ಳೇ ತಗ್ಗು ಬಿದ್ದಿತ್ತು.

ಗಜೇಂದ್ರಗಡದ ಪಟ್ಟಿ

ಗುರುವಾರ ಮುಂಜಾನೆಯೇ ಬಸ್ಸು ಹಿಡಿದೆ. ಮಾವನವರ ಕಂಪ್ಯೂಟರ್ ಬಿಚ್ಚಿ, ಧೂಳು ತೆಗೆದು, ಪವರ್ ಸಪ್ಲೈ ಬದಲಿಸಿ, ವೈರನ್ನೂ ಹೊಸದು ಹಾಕಿದೆ. ಎರಡು ತಾಸು ಮುಂದೆ ಕೂತು ಕಾದೆ. ಮಿಸುಕಲಿಲ್ಲ. ಗೆದ್ದೆ ಎಂದು ಮಾವನವರನ್ನು ಕೂಡಿಸಿದೆ. ಅವರು ಪಟ್ಟಿ ಮುಗಿಸಿ ಹಿತ್ತಲಿಗೆ ಹೋಗಿ ಬಂದರು, ನಾನು ಕಟ್ಟೆಯ ಮೇಲೆ ಚಹಾ ಕುಡಿದು ಬಂದೆ. ಕಂಪ್ಯೂಟರ್ ಹೊಸದಾಗಿ ಚಾಲೂ ಆಗುತ್ತಿತ್ತು!

"ಮಾವಾರ, ನಡನಡುವ ಸೇವ್ ಮಾಡಬಾರದೇನ್ರಿ?"

"ಅರ್ಧಾಮರ್ಧಾ ಕೆಲಸ ಇಡೂದು ನಮ್ಮ ಪದ್ಧತಿ ಅಲ್ರಿ. ಎಲ್ಲಾ ಮುಗದ ಮ್ಯಾಲ ಒಮ್ಮೆಲೇ."

ಮತ್ತೆ ಮೊದಲಿನಿಂದ ಟೈಪ್ ಮಾಡಿದರು, ಮತ್ತೆ ಹಿತ್ತಲಿಗೆ ಹೋದರು. ಈ ಸಲ ನಾನು ಹೋದಂತೆ ಮಾಡಿ ಬಾಗಿಲ ಮರೆಯಲ್ಲಿ ನಿಂತೆ. ಅಡುಗೆಮನೆಯಿಂದ ಅತ್ತೆಯವರು ಬಂದರು. ಮೂಗಿನ ಮೇಲೆ ಚಾಳೀಸು ಏರಿಸಿ, ಪಟ್ಟಿಯ ಮೇಲೆ ಬೆರಳಾಡಿಸುತ್ತ ಮೇಲಿಂದ ಕೆಳಗೆ ಓದಿದರು. ಗೋಡೆಯ ಸ್ವಿಚ್ ಆರಿಸಿದರು, ಹಚ್ಚಿದರು, ರೊಟ್ಟಿ ಬಡಿಯಲು ಹೋದರು. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಚಾಲೂ ಆಗುವಂತೆ ಹಿಂದೆ ಹೊಂದಿಸಿಕೊಟ್ಟ ಶಾಣ್ಯಾ ನಾನೇ.

ಹಿಂದೆಯೇ ಹೋದೆ. "ಅತ್ತಿಯವ್ರ, ಇದೇನ್ರಿ?"

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹುಡಿಗಿ ಸೋದರಮಾವನ ಹೆಸರಿಲ್ಲದ ಲಗ್ನಪತ್ರಿಕಿ ಎಲ್ಲೆರ ನೋಡೀರೇನು? ಇರಾಂವ ಒಬ್ಬ ಅಣ್ಣ. ಪಂಚಮಿಗೆ ಬಂದಾಗ ಏನೋ ಮಾತಿಗೆ ಮಾತು ಬೆಳೀತಂತ ಇವರು ಅವನ ಹೆಸರ ಬಿಟ್ಟಾರ. ಬಾಯಿಲೆ ಹೇಳಿದ್ರ ಜಗಳಾ. ನಾಳೆ ಅಣ್ಣಗ ಯಾವ ಮಾರಿ ತೋರಸ್ಲಿ?"

ಕಣ್ಣಲ್ಲಿ ನೀರಿತ್ತು. ನಗಬೇಕೆಂದು ಬಂದವನು ನಗು ನುಂಗಿಕೊಂಡೆ. ಹೊರಗೆ ಬಂದು, ಡಾಕ್ಟರರಂತೆ ಮುಖ ಗಂಭೀರ ಮಾಡಿಕೊಂಡು ಮಾವನವರಿಗೆ ಹೇಳಿದೆ.

"ಮಾವಾರ, ಪಟ್ಟಿಯೊಳಗ ಒಂದ ಹೆಸರ ಕಡಿಮಿ ಬಿದ್ದೈತ್ರಿ. ಅದನ್ನ ಹಾಕಿದ್ರ ಕಂಪ್ಯೂಟರ್ ಬಂದ್ ಆಗಂಗಿಲ್ಲ."

"ಯಾರದು?"

"ಸೋದರಮಾವಂದು."

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಮಾವನವರು ನನ್ನನ್ನೂ ನೋಡಿದರು, ಆ ಕಡೆಗೂ ನೋಡಿದರು. ಆಮೇಲೆ ಕೂತು ಇಡೀ ಪಟ್ಟಿ ಮತ್ತೆ ಟೈಪ್ ಮಾಡಿದರು. ತಮ್ಮ ಹೆಂಡತಿಯ ಅಣ್ಣನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿದರು. ಹಿತ್ತಲಿಗೆ ಹೋಗಿ ಬಂದರು. ಕಂಪ್ಯೂಟರ್ ಅಲುಗಲಿಲ್ಲ. ಒಳಗೆ ರೊಟ್ಟಿಯ ಸಪ್ಪಳ ಮೊದಲಿಗಿಂತ ಜೋರಾಗಿ ಶುರುವಾಯಿತು.

ಮಾವನವರು ನನ್ನ ಕಿವಿಯ ಹತ್ತಿರ ಬಂದರು. "ಸ್ವಿಚ್ಚಿನ ಸಪ್ಪಳ ನನಗೂ ಕೇಳಸ್ತಿತ್ರಿ. ನಾನಾಗೇ ಹೆಸರ ಹಾಕಿದ್ರ ಸೋತಂಗ ಆಗತಿತ್ತು. ಮಷೀನ್ ಹೇಳಿದ್ರ ಅಡ್ಡಿ ಇಲ್ಲ. ಅದಕ್ಕ ನಿಮ್ಮನ್ನ ಕರಿಸಿದ್ದು. ನಿಲ್ರಿ, ಚಾಳೀಸ ತರತೀನಿ, ಸೇವ್ ಮಾಡೂಣು."

ಅವರು ಒಳಗೆ ಹೋದರು. ಬೀಗತನ ಉಳಿಯಿತು, ನನ್ನ ಮರ್ಯಾದೆಯೂ ಉಳಿಯಿತು ಎಂಬ ಖುಷಿಯಲ್ಲಿ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿದೆ. ಚಿಕ್ಕಪ್ಪನ ಮೊಮ್ಮಕ್ಕಳೂ ಇದ್ದರು, ಪಕ್ಕದ ಮನೆಯವರೂ ಇದ್ದರು. ಮನೆಯ ಹಿರಿ ಅಳಿಯನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಸಪ್ಪಳ ಮಾಡದೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದೆ.