ಕರಡು ತಿದ್ದುವವನ ಗ್ರಹಣಶಕ್ತಿ

ಇಡೀ ದಿನ ಓದುವುದೇ ಕಸುಬಾಗಿರುವ ಮನುಷ್ಯನ ಮಗಳಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದೀರ್ಘವಿರಬೇಕಾದಲ್ಲಿ ಹ್ರಸ್ವ ಕಂಡರೆ ನನಗೆ ಊಟ ರುಚಿಸುವುದಿಲ್ಲ. ಅಂಥವನ ಮನೆಗೆ ಪುಟ್ಟಿ ಶಾಲೆಯಿಂದ ಸುದ್ದಿ ತಂದಳು: 'ಓದುತ್ತಾಳೆ, ಅರ್ಥ ಮಾಡಿಕೊಳ್ಳುವುದಿಲ್ಲ. ನಾಳೆ ಮರುಪರೀಕ್ಷೆ.' ಅದರಲ್ಲೂ ನಪಾಸಾದರೆ ಚಿಕ್ಕ ಮಕ್ಕಳ ಓದಿನ ಗುಂಪಿಗೆ ಇಳಿಸುತ್ತಾರಂತೆ. ಪಾಪ, ಮುಸುಮುಸು ಅಳುತ್ತ ಕೂತಿದ್ದಳು.

"ಅಳಬೇಡ, ನಾನು ಹೇಳ್ಕೊಡ್ತೀನಿ," ಎಂದೆ.

ಒಗೆದ ಬಟ್ಟೆ ಮಡಚುತ್ತಿದ್ದ ನನ್ನವಳು ತಲೆಯೆತ್ತಿದಳು. "ನೀವಾ?"

(ಈ 'ನೀವಾ'ದೊಳಗೆ ನಮ್ಮ ಇಡೀ ದಾಂಪತ್ಯ ಅಡಗಿದೆ. ಅದನ್ನು ತಿದ್ದುವ ಚಿಹ್ನೆ ನನ್ನ ಬಳಿಯಿಲ್ಲ.)

"ಯಾಕೆ? ಓದಿ ಗ್ರಹಿಸೋ ಕಲೆ ಬಗ್ಗೇನೇ ಒಂದು ಇಡೀ ಪುಸ್ತಕ ತಿದ್ದಿದ್ದೀನಿ ಕಣೇ!"

"ಹೌದಾ? ಅದರಲ್ಲಿ ಏನಿತ್ತು?"

"ರಾಶಿ ತಪ್ಪಿತ್ತು," ಎಂದೆ ಹೆಮ್ಮೆಯಿಂದ.

ಪುಣ್ಯಕ್ಕೆ ಟೀಚರ್ ಹೇಳಿದ ಉಪಾಯಗಳು ಪುಟ್ಟಿಗೆ ಬಾಯಿಪಾಠವಾಗಿದ್ದವು. ಶೀರ್ಷಿಕೆ ನೋಡಿ ಮುಂದೇನೆಂದು ಊಹಿಸಬೇಕು, ಪ್ಯಾರಾ ಮುಗಿದ ಕೂಡಲೇ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಬೇಕು, ಯಾರು, ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಅಭ್ಯಾಸಕ್ಕೆಂದು ನಮ್ಮಲ್ಲೇ ಅಚ್ಚಾಗಿ ಆವತ್ತಷ್ಟೇ ಅಂಗಡಿಗೆ ಹೋಗಿದ್ದ ಮಾಸಪತ್ರಿಕೆಯನ್ನು ಕೊಟ್ಟೆ.

"ಆ ಹಾಸ್ಯದ್ದು ಓದು ಪುಟ್ಟಿ," ಎಂದಳು ನನ್ನವಳು, ಬಟ್ಟೆಯಿಂದ ಕಣ್ಣೆತ್ತದೆ.

ಶೀರ್ಷಿಕೆ 'ನಮ್ಮ ಮನೆಯ ಮಹಾಪಂಡಿತರು'. "ಮಹಾಪಂಡಿತ ಅಂದ್ಮೇಲೆ ಪೆದ್ದನೇ ಇರ್ಬೇಕು," ಎಂದು ಊಹಿಸಿದಳು ಪುಟ್ಟಿ. ಭೇಷ್!

ಒಂದು ಪ್ಯಾರಾ ಓದಿ ಮುಚ್ಚಿದಳು. "'ಹಾಲು ಉಕ್ಕೋ ಮೊದಲು ಒಲೆ ಆರಿಸಿ' ಅಂತ ಹೆಂಡತಿ ಚೀಟಿ ಬರೆದಿಟ್ಟು ಹೋಗ್ತಾಳೆ. ಗಂಡ ಓದ್ತಾನೆ. ಕಾಗುಣಿತ ತಿದ್ದಿ ವಾಪಸ್ ಅಲ್ಲೇ ಇಡ್ತಾನೆ. ಹಾಲೆಲ್ಲ ನೆಲದ ಪಾಲು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಎಂಥಾ ದಡ್ಡ ಶಿಖಾಮಣಿ! ಇವನನ್ನ ಕಟ್ಟಿಕೊಂಡವಳ ಗತಿ ಏನು?"

"ಹೌದು, ಪಾಪ," ಎಂದಳು ನನ್ನವಳು.

"ಆಮೇಲೆ ಔಷಧಿ ಬಾಟ್ಲಿ ಮೇಲಿರೋದನ್ನೆಲ್ಲ ಓದಿ, ಕುಡಿಯೋ ಔಷಧೀನ ಮಂಡಿಗೆ ಹಚ್ಕೋತಾನೆ."

ಮತ್ತೆ ನಕ್ಕೆ. ಮಂಡಿ ಮಾತ್ರ ಯಾಕೋ ಅಂಟಂಟೆನಿಸಿತು.

"ಈಗ ಯಾರು ಅಂತ ಕೇಳ್ಕೋಬೇಕು," ಎಂದು ಪುಟ್ಟಿ ಮುಂದೆ ಓದಿದಳು. "ಕಿವಿ ಮೇಲೆ ಸದಾ ಕೆಂಪು ಪೆನ್ಸಿಲ್. ಅಂಗಿ ಉಲ್ಟಾ..." ತಲೆಯೆತ್ತಿ ನನ್ನನ್ನೇ ದಿಟ್ಟಿಸಿದಳು. ನಾನು ಮೆಲ್ಲಗೆ ಕಿವಿ ಮುಟ್ಟಿಕೊಂಡೆ. ಪೆನ್ಸಿಲ್ ಅಲ್ಲೇ ಇತ್ತು. ಅಂಗಿಯ ಹೊಲಿಗೆಯೂ ಹೊರಗೇ ಇತ್ತು.

"ಅಪ್ಪಾ, ಇದು ನೀನೇ! ಅಮ್ಮಾ, ನಂಗೆಲ್ಲ ಅರ್ಥ ಆಯ್ತು!" ಎಂದು ಕುಣಿದಾಡಿದಳು ಪುಟ್ಟಿ.

ನಾಳೆಯ ಪರೀಕ್ಷೆಯ ಭಯ ಅವಳಿಗಿರಲಿಲ್ಲ. ನಾಳೆ ಪ್ರೆಸ್ಸಿಗೆ ಹೋಗುವ ಭಯ ನನಗೆ ಹುಟ್ಟಿತು. ಅಲ್ಲಿನವರು ವಾರವಿಡೀ ನನ್ನನ್ನು ಕಂಡು ಕಿಸಕ್ಕೆನ್ನುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಲೇಖಕಿಯ ಹೆಸರಿರಬೇಕಾದಲ್ಲಿ 'ಪಂಡಿತಪತ್ನಿ' ಎಂದಿತ್ತು. (ಸಮಾಸ ಸರಿಯಾಗಿದೆ ಎಂದು ನಾನೇ ಗುರುತು ಹಾಕಿದ್ದೆ.)

"ಲೇ, ಇದು ನೀನು ಬರೆದಿದ್ದಾ? ಊರೆಲ್ಲ ಓದುತ್ತೆ! ಅಚ್ಚಾಗೋ ಮೊದಲು ನಂಗೊಂದು ಮಾತು ಹೇಳಬಾರದಿತ್ತಾ?"

ಅವಳು ಕೊನೆಯ ಟವೆಲನ್ನು ಮಡಚಿಟ್ಟಳು. "ಹೇಳೋದೇನು ರೀ? ಮೂರು ಸಲ ನಿಮ್ಮ ಮೇಜಿಗೇ ಬಂದಿತ್ತಲ್ಲ!"

ಪತ್ರಿಕೆ ಕಿತ್ತುಕೊಂಡು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದೆ. ತಿದ್ದುವಂಥದ್ದು ಒಂದೂ ಇರಲಿಲ್ಲ.