ಕಲ್ಯಾಣಕ್ಕೆ ಹೋಗಿ ಕೂತು ಬರುವವರು

ಇವರು ನನ್ನೊಡನೆ ಆಡಿದ ಕೊನೆಯ ಮಾತು ನನ್ನ ಬಗ್ಗೆಯಾಗಲಿ ಮಗಳ ಬಗ್ಗೆಯಾಗಲಿ ಇರಲಿಲ್ಲ. ಠಾಕುರ್ಲಿಯ ಬಗ್ಗೆ ಇತ್ತು. ಬೆಳಿಗ್ಗೆ ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, "ಠಾಕುರ್ಲಿಯವರು ಏನು ಪಾಪ ಮಾಡಿದ್ದಾರೆ ಮಾರಾಯ್ತಿ, ನೀನೇ ಹೇಳು" ಎಂದರು. ನಾನು ಡಬ್ಬಿಗೆ ಪಲ್ಯ ತುಂಬಿಸುತ್ತಿದ್ದೆ. "ಮೊದಲು ಸಾಕ್ಸ್ ಹಾಕಿ, ತಡವಾಯಿತು" ಎಂದೆ. ಹಾಕಿದರು, ಹೋದರು. ಮಧ್ಯಾಹ್ನ ಬೇಲಾಪುರದ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಗಂಡಹೆಂಡಿರು ಕೊನೆಯದಾಗಿ ಏನು ಮಾತಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ನಿಜ. ಆದರೂ ಇಪ್ಪತ್ತು ವರ್ಷದ ಸಂಸಾರಕ್ಕೆ ಒಂದು ಠಾಕುರ್ಲಿ, ಒಂದು ಸಾಕ್ಸ್ ಸ್ವಲ್ಪ ಕಡಿಮೆಯೇ ಆಯಿತು.

ಠಾಕುರ್ಲಿ ಯಾಕೆ ಬಂತು ಎಂದು ತಿಳಿಯಬೇಕಾದರೆ ಡೊಂಬಿವ್ಲಿಯವರಾದ ನಮ್ಮ ಒಂದು ಸಂಪ್ರದಾಯ ತಿಳಿಯಬೇಕು. ಮುಂಬಯಿ ನಮಗೆ ಒಂದು ದಿಕ್ಕಿನಲ್ಲಿದೆ, ಕಲ್ಯಾಣ ಅದಕ್ಕೆ ಸರಿಯಾಗಿ ಉಲ್ಟಾ ದಿಕ್ಕಿನಲ್ಲಿ. ಬೆಳಿಗ್ಗೆ ಮುಂಬಯಿಗೆ ಹೋಗಬೇಕಾದ ಬುದ್ಧಿವಂತ ಮೊದಲು ಕಲ್ಯಾಣದ ಗಾಡಿ ಹತ್ತುತ್ತಾನೆ. ಅದು ಖಾಲಿ ಬರುತ್ತದೆ, ಕಿಟಕಿ ಪಕ್ಕ ಕೂರುತ್ತಾನೆ. ನಡುವೆ ಇರುವುದು ಠಾಕುರ್ಲಿ ಎಂಬ ಒಂದೇ ಸ್ಟೇಷನ್. ಕಲ್ಯಾಣ ಬಂದರೂ ಇಳಿಯುವುದಿಲ್ಲ, ಯಾಕೆಂದರೆ ಅದೇ ಗಾಡಿ ಮುಂಬಯಿಗೆ ತಿರುಗುತ್ತದೆ. ಪಾಪ, ಕಲ್ಯಾಣದವರು ತಮ್ಮ ಊರಿನಿಂದ ಹೊರಡುವ ಗಾಡಿ ಎಂದು ಓಡಿ ಬಂದು ಹತ್ತಿದರೆ ಒಳಗೆ ಡೊಂಬಿವ್ಲಿಯವರು ಪೇಪರ್ ಬಿಡಿಸಿಕೊಂಡು ಕೂತಿರುತ್ತಾರೆ. ಇನ್ನು ತಿರುಗಿ ಬರುವಾಗ ಹತ್ತುವ ಠಾಕುರ್ಲಿಯವರಿಗೆ ನೇತಾಡಲು ಬಾಗಿಲ ಸರಳೇ ಗತಿ. ಇದಕ್ಕೆ ನಾವು 'ಉಲ್ಟಾ ಹೋಗುವುದು' ಎನ್ನುತ್ತೇವೆ. ಊರಿನಿಂದ ಯಾರಾದರೂ ಹೊಸದಾಗಿ ಕೆಲಸಕ್ಕೆ ಬಂದರೆ ಅವರಿಗೆ ಮನೆಯ ಬಚ್ಚಲು ತೋರಿಸುವ ಮೊದಲೇ ಇದನ್ನು ಕಲಿಸುತ್ತೇವೆ.

ಇವರು ಮಾತ್ರ ಇದಕ್ಕೆ ವಿರೋಧ. ಡೊಂಬಿವ್ಲಿಯಲ್ಲಿ ಇದ್ದುಕೊಂಡು ಕಲ್ಯಾಣದವರ ಪಕ್ಷ. "ಅದು ಸೀಟಿನ ಕಳ್ಳತನ" ಎನ್ನುತ್ತಿದ್ದರು. ಹೀಗೆ ಕದಿಯುವವರಲ್ಲಿ ಮೊದಲನೆಯವರೆಂದರೆ ನಮ್ಮ ಕೆಳಗಿನ ಮನೆಯ ಪಾಟೀಲರು. ಬಾಗಲಕೋಟೆ ಕಡೆಯವರು, ದಾದರಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ಇವರ ಪರಮ ಸ್ನೇಹಿತರು. ಪಾಟೀಲರು ಕಲ್ಯಾಣಕ್ಕೆ ಹೋಗಿ ಕಿಟಕಿ ಪಕ್ಕ ಕೂತು ಬರುತ್ತಿದ್ದರು. ಡೊಂಬಿವ್ಲಿಯಲ್ಲಿ ಇವರು ಅದೇ ಡಬ್ಬಿಗೆ ಹೇಗೋ ನುಗ್ಗಿ, ಜನರ ಮೊಣಕೈಗಳ ನಡುವೆ ತೂರಿ, ಪಾಟೀಲರ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ಬೈಯಲಿಕ್ಕೆ ಅದೇ ಒಳ್ಳೆಯ ಜಾಗ.

"ಏನು ಪಾಟೀಲ್ರೇ, ಇವತ್ತಿನ ಕಳ್ಳತನ ಆಯ್ತಾ?"

"ಆತ್ರಿ ಭಟ್ಟರ. ಪಾಸ್ ನಂದು, ನಿದ್ದಿ ಬಿಟ್ಟು ಎದ್ದಾಂವ ನಾನು. ನಿಮಗ್ಯಾಕ ಹೊಟ್ಟಿಕಿಚ್ಚು?"

ಲೋಕಲ್‌ನಲ್ಲಿ ಕೂತವರು ಅರ್ಧ ದಾರಿಯಲ್ಲಿ ಎದ್ದು, ನಿಂತ ಗೆಳೆಯರಿಗೆ ಸೀಟು ಕೊಡುವ ಮರ್ಯಾದೆ ಒಂದಿದೆ. ಮುಂಬ್ರಾ ಬಂದಾಗ ಪಾಟೀಲರು ಎದ್ದು, "ಕೂಡ್ರಿ" ಎನ್ನುತ್ತಿದ್ದರು. "ಕದ್ದ ಮಾಲು ನನಗೆ ಬೇಡ" ಎಂದು ಇವರು. "ಕೂಡ್ರಿ ಅಂದ್ರ", "ಬೇಡ ಅಂದೆನಲ್ಲ" ಎನ್ನುವಷ್ಟರಲ್ಲಿ ಮೂರನೆಯವನೊಬ್ಬ ಕೂತು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಇಬ್ಬರೂ ನಿಂತುಕೊಂಡೇ ಥಾಣೆ ಬರುವವರೆಗೆ ಜಗಳ ಮುಗಿಸುತ್ತಿದ್ದರು. ಥಾಣೆಯಲ್ಲಿ ಇವರಿಗೆ ಗಾಡಿ ಬದಲು. ಬೇಲಾಪುರದ ಕಡೆಯ ಗಾಡಿಯಲ್ಲಿ ಸೀಟು ಧಾರಾಳ, ಆದರೆ ವಾದಕ್ಕೆ ಜನವಿಲ್ಲ. ಘಣಸೋಲಿ ಸ್ಟೇಷನ್ ಬರುವ ಮೊದಲೇ ನಿದ್ದೆ ಬಂದುಬಿಡುತ್ತದೆ ಎಂದು ಬೇಸರದಿಂದ ಹೇಳುತ್ತಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ರೈಲಿನಲ್ಲಿ ಮುಗಿದ ಜಗಳ ಭಾನುವಾರ ನಮ್ಮ ಮನೆಯಲ್ಲಿ ಮತ್ತೆ ಶುರುವಾಗುತ್ತಿತ್ತು. ನಾನು ಬನ್ಸ್ ಕರಿಯುತ್ತಿದ್ದೆ, ಪಾಟೀಲರು ಮನೆಯಿಂದ ಶೇಂಗಾ ಚಟ್ನಿ ತರುತ್ತಿದ್ದರು. ರಿಕ್ಷಾ ಸಾಲು ಸ್ಟೇಷನ್ನಿನ ಯಾವ ಬದಿಗೆ ಇರಬೇಕು, ರಸ್ತೆಯ ಹೊಂಡಕ್ಕೆ ಕಲ್ಲು ಹಾಕುವುದು ಸರಿಯೋ ಪೇವರ್ ಬ್ಲಾಕ್ ಹಾಕುವುದು ಸರಿಯೋ, ಎಲ್ಲ ಬರುತ್ತಿತ್ತು. ಬಂದು ಬಂದು ಕೊನೆಗೆ ಕಲ್ಯಾಣಕ್ಕೆ ಮುಟ್ಟುತ್ತಿತ್ತು. ಲೋಡ್ ಶೆಡ್ಡಿಂಗ್ ಇದ್ದ ವರ್ಷಗಳಲ್ಲಿ ಕರೆಂಟ್ ಹೋದ ಕೂಡಲೇ ಇಡೀ ಬಿಲ್ಡಿಂಗ್ ಗೇಟಿನ ಹತ್ತಿರ ಇಳಿದು ಬರುತ್ತಿತ್ತು. ಇವರಿಗೆ ಅದು ಹಬ್ಬ. ಎಲ್ಲರೂ ಮುನ್ಸಿಪಾಲ್ಟಿಯನ್ನು ಬೈದರೆ ಇವರು ಅದರ ಪರ, ಎಲ್ಲರೂ ಹೊಗಳಿದರೆ ಇವರು ಬೈಯುವ ಪಕ್ಷ. ಕರೆಂಟ್ ಬಂದರೆ ಜನ ಸಂತೋಷದಿಂದ ಮೇಲೆ ಹೋಗುತ್ತಿದ್ದರು. ಇವರೊಬ್ಬರೇ, "ಇಷ್ಟು ಬೇಗ ಬಂತಾ?" ಎನ್ನುತ್ತಿದ್ದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುವವಳಲ್ಲ. ಒಂದು ಮನೆಗೆ ಒಂದು ಬಾಯಿ ಸಾಕು ಎಂದು ನಾನು ಮದುವೆಯಾದ ವಾರವೇ ತೀರ್ಮಾನಿಸಿದ್ದೆ.

ಹದಿಮೂರನೆಯ ದಿನ ಕಳೆದ ಮೇಲೆ ನಮ್ಮ ಬಿಲ್ಡಿಂಗಿನ ಸೊಸೈಟಿಯವರು ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿ ಶ್ರದ್ಧಾಂಜಲಿ ಸಭೆ ಮಾಡಿದರು. ಇವರ ಫೋಟೊಗೆ ದಪ್ಪ ಹಾರ. ಸೆಕ್ರೆಟರಿ ಎದ್ದು, "ಭಟ್ ಸಾಹೇಬರು ಹೇಳಿದ್ದೇ ಬರೋಬರ್ ಇತ್ತು, ರಿಕ್ಷಾ ಸಾಲು ಆ ಬದಿಗೇ ಇರಬೇಕಿತ್ತು" ಎಂದರು. ಇದೇ ಮನುಷ್ಯ ಇದೇ ವಿಷಯಕ್ಕೆ ಇವರೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಇನ್ನೊಬ್ಬರು ಪೇವರ್ ಬ್ಲಾಕ್ ವಿಷಯದಲ್ಲಿ ಸೋಲು ಒಪ್ಪಿಕೊಂಡರು. ಬದುಕಿದ್ದಾಗ ಒಂದು ಸಭೆಯಲ್ಲೂ ಗೆಲ್ಲದ ಮನುಷ್ಯ ಫೋಟೊ ಆದ ಮೇಲೆ ಅವಿರೋಧವಾಗಿ ಗೆದ್ದರು. ಕೊನೆಗೆ ಪಾಟೀಲರು ಎದ್ದರು. ನನಗೆ ಅವರ ಮೇಲೆ ಭರವಸೆ ಇತ್ತು, ಪಾಟೀಲರೊಬ್ಬರಾದರೂ ಬಿಟ್ಟುಕೊಡುವುದಿಲ್ಲ ಎಂದು. ಪಾಟೀಲರು ಕಣ್ಣು ಒರೆಸಿಕೊಂಡು, "ಭಟ್ಟರು ಹೇಳಿದ್ದು ಖರೇ. ನಾಳಿಂದ ನಾ ಉಲ್ಟಾ ಹೋಗಂಗಿಲ್ಲ" ಎಂದುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆಸ್ಪತ್ರೆಯಲ್ಲಿ ಅಳದಿದ್ದ ನಾನು ಆಗ ಅತ್ತೆ. ಪಕ್ಕದವರು ಅಭಿಮಾನದಿಂದ ಎಂದುಕೊಂಡು ಬೆನ್ನು ಸವರಿದರು. ಆದರೆ ವಿಷಯ ಬೇರೆ. ಇವರು ಹೋದದ್ದು ನನಗೆ ಗೊತ್ತಾದದ್ದೇ ಆಗ. ಇವರು ಜೀವಂತ ಇದ್ದಿದ್ದರೆ ಇಷ್ಟು ಜನ ಒಟ್ಟಿಗೆ ಒಪ್ಪುತ್ತಲೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಪಾಟೀಲರ ಹೆಂಡತಿ ಮೇಲೆ ಬಂದರು. ಸೆರಗಿನ ತುದಿ ತಿರುಚುತ್ತಾ ಕೂತರು.

"ವೈನಿ, ಸಿಟ್ಟಾಗಬ್ಯಾಡ್ರಿ. ನಿಮ್ಮವರು ಹೋದ್ರು, ಅವರ ಹಿಂದ ನಮ್ಮವರ ಮೊಣಕಾಲೂ ಹೋದ್ವು. ದಾದರ ತನಕ ನಿಂತ ಹೋಗ್ತಾರ್ರಿ. ಎಣ್ಣಿ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದು ಹೋಗ್ಯಾವ. ಮನ್ಯಾಗ ಮಾತಿಲ್ಲ, ಜಗಳಿಲ್ಲ, ಸುಮ್ಮ ಕೂತಿರ್ತಾರ. ಹಿಂಗಾದ್ರ ಹೆಂಗ್ರಿ? ನಿಮ್ಮ ಮಾತು ಕೇಳ್ತಾರ, ನೀವರ ಹೇಳ್ರಿ."

ಆ ಭಾನುವಾರ ಬನ್ಸ್ ಕರಿದು ಪಾಟೀಲರನ್ನು ಕರೆಸಿದೆ. ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತರು. ಎದುರಿನ ಕುರ್ಚಿಯ ಕಡೆ ನೋಡಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. "ಭಟ್ಟರು ಭಾಳ ಖರೇ ಮನಷ್ಯಾ ಇದ್ರು" ಎಂದು ಶುರು ಮಾಡಿದರು.

"ಏನು ಖರೇ? ಎಲ್ಲ ತಪ್ಪು" ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಗಾಡಿ ಹೇಗೂ ಖಾಲಿ ಹೋಗುತ್ತದೆ. ಪಾಸ್ ನಿಮ್ಮದು. ಬೇಗ ಎದ್ದವರು ಕೂರುತ್ತಾರೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು?" ಎಲ್ಲ ಪಾಟೀಲರದೇ ಮಾತುಗಳು. ಅಷ್ಟು ವರ್ಷ ಬನ್ಸ್ ಕರಿಯುತ್ತಾ ಕೇಳಿದ್ದು ಬಾಯಿಪಾಠವಾಗಿತ್ತು.

ಪಾಟೀಲರು ಬನ್ಸ್ ಕೆಳಗಿಟ್ಟರು. "ಹಂಗ ಅನಬ್ಯಾಡ್ರಿ ವೈನಿ! ಠಾಕುರ್ಲಿಯವರು ಏನ್ ಪಾಪ ಮಾಡ್ಯಾರ್ರಿ?"

ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಒಂದು ನಿಮಿಷ ಒಳಗೆ ಹೋಗಿ ಬಂದೆ. ಆ ಕೊನೆಯ ಬೆಳಿಗ್ಗೆ ಇವರು ಮನೆಯಲ್ಲಿ ನನ್ನನ್ನು ಕೇಳಿದ್ದನ್ನೇ ರೈಲಿನಲ್ಲಿ ಪಾಟೀಲರನ್ನೂ ಕೇಳಿರಬೇಕು. ಅವರೂ ಉತ್ತರ ಕೊಟ್ಟಿರಲಿಕ್ಕಿಲ್ಲ.

"ಠಾಕುರ್ಲಿಯವರೂ ಕಲ್ಯಾಣಕ್ಕೆ ಹೋಗಿ ಕೂತು ಬರಲಿ" ಎಂದೆ ಹೊರಗೆ ಬಂದು.

"ಎಲ್ಲಾರೂ ಹಂಗ ಮಾಡಿದ್ರ ಗಾಡಿ ಖಾಲಿ ಹೆಂಗ ಬರತೈತ್ರಿ?"

"ಹಾಗಾದರೆ ಇನ್ನೊಂದು ಗಾಡಿ ಬಿಡಲಿ!"

"ಹಳಿ ಎಲ್ಲೈತ್ರಿ? ಹಳಿ ನಿಮ್ಮ ಅಪ್ಪ ಹಾಕಿಸ್ಯಾನೇನು?" ಎಂದವರೇ ನಾಲಿಗೆ ಕಚ್ಚಿಕೊಂಡರು. ಇವರಿಗೆ ಹೇಳುವ ಮಾತು ಬಾಯಿತಪ್ಪಿ ನನಗೆ ಬಂದಿತ್ತು. ನನಗೆ ನಗು ಬಂತು. ಮಗಳು ಒಳಗಿನಿಂದ ಇಣುಕಿ, ಮರಾಠಿಯಲ್ಲಿ, "ಅಮ್ಮಾ, ತೂ ಪಣ್?" ಎಂದಳು, ನೀನೂನಾ ಎಂದು. ಬನ್ಸ್ ತಣ್ಣಗಾಗಿ, ಮತ್ತೆ ಕರಿದು, ಮತ್ತೆ ತಣ್ಣಗಾದವು. ಹೋಗುವಾಗ ಪಾಟೀಲರು ಮೆಟ್ಟಿಲ ಮೇಲೆ ನಿಂತು, "ನೀವು ಹೇಳೋದು ಪೂರಾ ತಪ್ಪು ಐತಿ. ಆದ್ರ ಮೊಣಕಾಲು ಭಾಳ ನೋಯ್ತಾವ" ಎಂದರು. ಸೋಮವಾರ ಕಲ್ಯಾಣಕ್ಕೆ ಹೋಗಿ ಕೂತು ಬಂದರಂತೆ. ಭಾನುವಾರ ನಮ್ಮ ಮನೆಯಲ್ಲಿ ಮಾತ್ರ ಇವರ ಪಕ್ಷವನ್ನೇ ಹಿಡಿದು ವಾದ ಮಾಡುತ್ತಾರೆ.

ಈಗ ನನಗೂ ಕೆಲಸ ಸಿಕ್ಕಿದೆ, ಥಾಣೆಯ ಒಂದು ಕೇಟರಿಂಗ್ ಆಫೀಸಿನಲ್ಲಿ ಫೋನ್ ಎತ್ತುವುದು. ಮೊದಲ ವಾರ ಇವರ ಗೌರವಕ್ಕೆ ಲೇಡೀಸ್ ಡಬ್ಬಿಯಲ್ಲಿ ನಿಂತೇ ಹೋದೆ. ಒಬ್ಬಳ ಬ್ಯಾಗು ನನ್ನ ಪಕ್ಕೆಲುಬಿಗೆ, ಇನ್ನೊಬ್ಬಳ ಜಡೆ ನನ್ನ ಬಾಯಿಗೆ. ಎರಡನೆಯ ವಾರದಿಂದ ಬೇಗ ಎದ್ದು ಕಲ್ಯಾಣದ ಗಾಡಿ ಹತ್ತುತ್ತೇನೆ. ತಿರುಗಿ ಬರುವಾಗ ಠಾಕುರ್ಲಿಯಲ್ಲಿ ಮಾತ್ರ ಪ್ಲಾಟ್‌ಫಾರ್ಮ್ ಕಡೆ ನೋಡುವುದಿಲ್ಲ, ಚೀಲದಲ್ಲಿ ಏನೋ ಹುಡುಕುವವಳಂತೆ ಬಗ್ಗಿರುತ್ತೇನೆ.

ಸೀಟು ಕಿಟಕಿ ಪಕ್ಕದ್ದೇ. ಮುಂಬ್ರಾ ದಾಟಿದರೆ ಖಾಡಿಯ ಹಿನ್ನೀರಿನ ಗಾಳಿಯೂ ಬರುತ್ತದೆ. ಎದುರಿಗೆ ನಿಂತು ನನ್ನನ್ನು ಕಳ್ಳಿ ಎನ್ನುವವರು ಇಲ್ಲ.