ಕಂಪ್ಯೂಟರಿನ ನೆತ್ತಿಗೆ ಹರಳೆಣ್ಣೆ

ನಮ್ಮ ಚಿಕ್ಕಪ್ಪನ ಮನೆಯಲ್ಲಿ, ತಯಾರಿಸಿದವರು ಕೊಟ್ಟ ವೇಗದಲ್ಲೇ ಇವತ್ತಿಗೂ ಓಡಾಡುತ್ತಿರುವುದು ಚಿಕ್ಕಮ್ಮ ಒಬ್ಬರೇ! ಅದು ಚಿಕ್ಕಪ್ಪನ ಸಂಯಮ ಎಂದು ದಯವಿಟ್ಟು ತಿಳಿಯಬೇಡಿ. ಚಿಕ್ಕಮ್ಮನಿಗೆ ಎಲ್ಲೂ ಸ್ಕ್ರೂ ಇಲ್ಲ, ಅಷ್ಟೇ. ಸ್ಕ್ರೂ ಇರುವ ಇನ್ಯಾವ ವಸ್ತುವೂ ಆ ಮನೆಯಲ್ಲಿ ಅವರ ಕೈಯಿಂದ ಪಾರಾಗಿಲ್ಲ.

“ಕಂಪನಿಯೋರು ಯಾವತ್ತೂ ಪೂರ್ತಿ ಕೊಡಲ್ಲ ಕಣಮ್ಮ. ನಾಕಾಣೆ ಒಳಗೇ ಬಚ್ಚಿಟ್ಟಿರ್ತಾರೆ. ಅದನ್ನ ನಾವೇ ಈಚೆಗೆ ಎಳ್ಕೋಬೇಕು” ಎನ್ನುವುದು ಅವರ ಸಿದ್ಧಾಂತ. ಈ ಜ್ಞಾನೋದಯವಾದದ್ದು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ. ಪ್ರಾಯದಲ್ಲಿ ಅವರು ಅಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮಗ್ಗದ ಮೋಟಾರಿಗೆ ಪುಲ್ಲಿ ಎಂಬ ಗಾಲಿ ಇರುತ್ತದೆ, ಅದರ ಮೇಲೆ ಬೆಲ್ಟು ಓಡುತ್ತದೆ. ಆ ಪುಲ್ಲಿ ತೆಗೆದು ಒಂದಿಷ್ಟು ದೊಡ್ಡದು ಹಾಕಿದರೆ ಮಗ್ಗ ಜೋರಾಗಿ ಓಡಿ ಸೀರೆ ಬೇಗ ಮುಗಿಯುತ್ತದೆ. ಊರಿನ ನೇಕಾರರಿಗೆಲ್ಲ ಗೊತ್ತಿರುವ ವಿಷಯವೇ ಇದು. ಆದರೆ ಮಿಕ್ಕವರು ಪುಲ್ಲಿಯನ್ನು ಮಗ್ಗದ ಮನೆಯಲ್ಲೇ ಬಿಟ್ಟು ಬಂದರು, ನಮ್ಮ ಚಿಕ್ಕಪ್ಪ ಮನೆಗೂ ತಂದರು.

ಮೊದಲು ಬಲಿಯಾದದ್ದು ದೋಸೆಹಿಟ್ಟು ರುಬ್ಬುವ ಗ್ರೈಂಡರು. ಹೊಸ ಪುಲ್ಲಿ ಹಾಕಿ ಗುಂಡಿ ಒತ್ತಿದರು. ಹಿಟ್ಟೇನೋ ಹತ್ತು ನಿಮಿಷ ಮೊದಲೇ ಆಯಿತು, ಸುಳ್ಳು ಹೇಳಬಾರದು. ಆದರೆ ಅರ್ಧ ಗ್ರೈಂಡರಿನಲ್ಲಿ, ಅರ್ಧ ಸೂರಿನಲ್ಲಿ!

“ಮಿಕ್ಕಿದ್ದು ಇರ್ಲಿ, ಹಿಟ್ಟು ನುಣ್ಣಗಾಗೈತೋ ಇಲ್ವೋ ಅದನ್ನ ಹೇಳು” ಎಂದರು ಚಿಕ್ಕಪ್ಪ.

“ಏಣಿ ತಂದ್ಕೊಡ್ರಿ, ಮುಟ್ಟಿ ನೋಡಿ ಹೇಳ್ತೀನಿ” ಎಂದರು ಚಿಕ್ಕಮ್ಮ.

ಆಮೇಲೆ ಮೊಪೆಡ್ಡಿನ ಸರದಿ. ಅದರ ಹಲ್ಲುಚಕ್ರ ಬದಲಾಯಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಶಿವಗಂಗೆಗೆ ಹೊರಟರು. ನೆಲಮಂಗಲದವರೆಗೆ ಗಾಡಿ ಹಾರಿಕೊಂಡೇ ಹೋಯಿತಂತೆ. ಬೆಟ್ಟದ ಕಡೆಯ ಏರು ಸಿಕ್ಕಿದ ಕೂಡಲೇ ಅಲ್ಲೇ ಕೂತುಬಿಟ್ಟಿತು. ಚಿಕ್ಕಮ್ಮ ಇಳಿದು ನಡೆದುಕೊಂಡು ಹೋಗಿ, ಹೂವು, ಹಣ್ಣುಕಾಯಿ ಕೊಂಡು, ಮಂಟಪದ ನೆರಳಲ್ಲಿ ಕೂತಿದ್ದರು. ಅರ್ಧ ಗಂಟೆಯ ಮೇಲೆ ಚಿಕ್ಕಪ್ಪ ಏದುಸಿರು ಬಿಡುತ್ತಾ ಗಾಡಿ ತಳ್ಳಿಕೊಂಡು ಬಂದರು. “ಬನ್ನಿ ಬನ್ನಿ, ಸ್ಪೀಡು ಜಾಸ್ತಿಯಾಗಿ ತುಮಕೂರಿಗೇ ಹೊರಟೋದ್ರೇನೋ ಅಂದ್ಕೊಂಡಿದ್ದೆ” ಎಂದು ಚಿಕ್ಕಮ್ಮ ಸ್ವಾಗತಿಸಿದರು.

ಇಂಥವರ ಕೈಗೆ ಯಾರಾದರೂ ಕಂಪ್ಯೂಟರು ಕೊಡುತ್ತಾರೆಯೇ? ನಾನು ಕೊಟ್ಟೆ! ಆದರೆ ಕೊಟ್ಟದ್ದಕ್ಕೆ ಕಾರಣವಿತ್ತು.

ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಗಿ ಒಂದು ವರ್ಷವಾಗಿತ್ತು. ಚಿಕ್ಕಪ್ಪನ ಮನೆ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಹತ್ತಿರದ ಹಳ್ಳಿಯಲ್ಲಿ. ಇಳಿಯುವ ವಿಮಾನಗಳು ಅವರ ಅಂಗಳದ ಮೇಲೆಯೇ ಹಾದುಹೋಗುತ್ತಿದ್ದವು. ಒಂದೊಂದು ಹೋದಾಗಲೂ ಚಿಕ್ಕಮ್ಮ ಒಣಹಾಕುತ್ತಿದ್ದ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. “ಮೇಲೆ ಹಗ್ಗ ಇಲ್ಲ, ಕೆಳಗೆ ಕಂಬ ಇಲ್ಲ. ಯಾವ ಧೈರ್ಯದ ಮೇಲೆ ಕೂರ್ತಾರವ್ವ ಜನ!” ಎಂದು ಆಮೇಲೆ ಕಣ್ಣು ಬಿಡುತ್ತಿದ್ದರು.

ಆ ಹೊತ್ತಿನಲ್ಲೇ ಅವರ ಒಬ್ಬಳೇ ಮಗಳು, ನನ್ನ ತಂಗಿ ಸುಮ, ದೆಹಲಿಯಲ್ಲಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲವೇ? ಆದರೆ ಅವಳ ರಕ್ತದೊತ್ತಡ ಏರಿ, ಡಾಕ್ಟರು ಎಲ್ಲಿಗೂ ಕದಲಬೇಡ ಎಂದುಬಿಟ್ಟರು. ಅತ್ತೆಯೂ ಇಲ್ಲದ ಮನೆ. ತವರೇ ಅವಳಿದ್ದಲ್ಲಿಗೆ ಹೋಗಬೇಕಾಯಿತು. ರೈಲಿನಲ್ಲಿ ಎರಡು ರಾತ್ರಿ ಕೂತು ಹೋಗಲು ಚಿಕ್ಕಮ್ಮನ ಬೆನ್ನು ಬಿಡದು. ಆ ಬೆನ್ನು ನೋಡಿದ ಡಾಕ್ಟರು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗುವುದಕ್ಕೇ ಮುಖ ಹಿಂಡುತ್ತಿದ್ದರು. ಮಿಕ್ಕಿದ್ದು ವಿಮಾನ. ಅಳಿಯ ಟಿಕೆಟ್ಟನ್ನೂ ತೆಗೆಸಿ ಕಳಿಸಿದ. ಚಿಕ್ಕಪ್ಪನಿಗೆ ಕೆಲಸದಲ್ಲಿ ರಜೆ ಇಲ್ಲ, ಮನೆಯಲ್ಲಿ ಎರಡು ಹಸು. ಚಿಕ್ಕಮ್ಮ ಒಬ್ಬರೇ ಹೋಗಬೇಕು.

“ಮಗಳಿಗೋಸ್ಕರ ಜೀವ ಬೇಕಾದ್ರೆ ಕೊಡ್ತೀನಿ. ವಿಮಾನ ಮಾತ್ರ ಹತ್ತಲ್ಲ” ಎಂದರು ಚಿಕ್ಕಮ್ಮ. ಹೇಳಿ ಮುಗಿಸಿ ಅಡುಗೆಮನೆಗೆ ಹೋಗಿ ಅತ್ತರು. ಹೋಗದೆ ಇರುವುದೂ ಅವರಿಂದ ಆಗುವ ಮಾತಲ್ಲ.

ಚಿಕ್ಕಪ್ಪ ಆಗ ಬಾಶೆಟ್ಟಿಹಳ್ಳಿಯ ಒಂದು ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಮೊದಲ ಪಾಳಿ ಮುಗಿಸಿ ನಾಲ್ಕಕ್ಕೆಲ್ಲ ಮನೆ ಸೇರುತ್ತಿದ್ದರು. ಮಿಲ್ಲಿನ ಆಫೀಸಿನ ಹುಡುಗರು ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟ ಆಡುವುದನ್ನು ಕಂಡು ಬಂದು, ನೇರ ನನ್ನ ಮನೆ ಬಾಗಿಲಲ್ಲಿ ನಿಂತರು. “ನಿನ್ನ ಹಳೇ ಕಂಪ್ಯೂಟರ್ ಕೊಡಮ್ಮ. ನಿನ್ ಚಿಕ್ಕಮ್ಮನ್ನ ದಿನಾ ಸಾಯಂಕಾಲ ದೆಹಲಿಗೆ ಕರ್ಕೊಂಡ್ಹೋಗಿ ಬರ್ತೀನಿ. ಎರಡು ತಿಂಗಳಲ್ಲಿ ಹೆದರಿಕೆ ಎಲ್ಲಾ ಓಡೋಗ್ಬೇಕು!” ಎಂದರು. ಇಂಥ ಮಾತು ಕೇಳಿ ಯಾರು ತಾನೆ ಇಲ್ಲ ಅನ್ನುತ್ತಾರೆ?

ಮೊದಲ ದಿನದ ಪ್ರಯಾಣಕ್ಕೆ ನಾನೂ ಇದ್ದೆ. ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತರು. ವಿಮಾನ ಎದ್ದಿತು. ಮೋಡದ ಹತ್ತಿರ ಬಂದ ಕೂಡಲೇ ನನ್ನ ಹಳೆಯ ಕಂಪ್ಯೂಟರಿಗೆ ಅಷ್ಟೊಂದು ಮೋಡ ಬಿಡಿಸಲಾಗದೆ ಚಿತ್ರ ತಡವರಿಸಿತು, ಕುಂಟಿತು, ಒಂದು ಗಳಿಗೆ ನಿಂತೇಹೋಯಿತು.

“ಅಯ್ಯೋ, ನಿಂತೋಯ್ತು ಕಣ್ರೀ! ಬಸ್ಸಾದ್ರೆ ಜನ ಇಳಿದು ತಳ್ತಾರೆ. ಇಲ್ಲಿ ಯಾರು ಇಳೀತಾರೆ?”

ಚಿಕ್ಕಪ್ಪ ಕಂಪ್ಯೂಟರನ್ನು ಆರಿಸಿದರು. ಚಿಕ್ಕಮ್ಮನಿಗೆ ಇದ್ದ ಹೆದರಿಕೆ ಇಮ್ಮಡಿಯಾಯಿತು. ಇನ್ನು ಕಂಪ್ಯೂಟರಿನ ವೇಗ ಹೆಚ್ಚಿಸದೆ ಬೇರೆ ದಾರಿಯಿಲ್ಲ ಎಂದು ಚಿಕ್ಕಪ್ಪ ತೀರ್ಮಾನಿಸಿದರು.

ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್ ಎಂಬ, ಬಿಸ್ಕತ್ತಿನಷ್ಟು ಅಗಲದ ಒಂದು ಬಿಲ್ಲೆ. ಕಂಪ್ಯೂಟರು ಶುರುವಾಗುವಾಗ ಒಂದು ಕೀಲಿ ಒತ್ತಿದರೆ ನೀಲಿ ಪುಟವೊಂದು ಬರುತ್ತದೆ. ಅದರಲ್ಲಿ ಒಂದು ಅಂಕಿಯನ್ನು ಏರಿಸಿದರೆ ಆ ಬಿಲ್ಲೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಕೆಲಸ ಮಾಡುತ್ತದಂತೆ. ಮಿಲ್ಲಿನ ಹುಡುಗರು ಇದನ್ನು ಹೇಳಿಕೊಟ್ಟಾಗ ಚಿಕ್ಕಪ್ಪ ತೊಡೆ ತಟ್ಟಿ, “ಥೂ, ಇದು ಪುಲ್ಲಿ ಅಲ್ವೇನ್ರೋ!” ಎಂದು ಕೂಗಿದರಂತೆ.

ಅಂಕಿ ಏರಿತು. ವಿಮಾನ ಬೆಣ್ಣೆಯ ಮೇಲೆ ಜಾರಿದ ಹಾಗೆ ಹಾರಿತು. ಹತ್ತು ನಿಮಿಷವಾದ ಮೇಲೆ ಪ್ರೊಸೆಸರ್ ಕಾದು ಕೆಂಡವಾಗಿ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಮೊದಲು ಕುಂಟುತ್ತಲಾದರೂ ಹೋಗುತ್ತಿತ್ತು, ಈಗ ಹಾಯಾಗಿ ಹೋಗಿ ನಟ್ಟ ನಡು ಆಕಾಶದಲ್ಲಿ ಪೂರ್ತಿ ನಿಲ್ಲುವ ಹಾಗಾಯಿತು! ಡಬ್ಬದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ತಿರುಗಿಸಿದ್ದಾಯಿತು. ಆ ಫ್ಯಾನಿಗೂ ಅವರು ಏನೋ ಮಾಡಿದ್ದರಿಂದ ಗೋಡೆಯ ಕ್ಯಾಲೆಂಡರು ಹಾರಿತೇ ಹೊರತು ಬಿಸಿ ಇಳಿಯಲಿಲ್ಲ.

“ಏನಾಗೈತ್ರೀ ಅದಕ್ಕೆ?” ಎಂದರು ಚಿಕ್ಕಮ್ಮ.

“ತಲೆ ಕಾಯ್ತಾ ಐತೆ ಕಣೇ.”

“ಅಷ್ಟೇನಾ? ನೆತ್ತಿಗೆ ಹರಳೆಣ್ಣೆ ಹಾಕ್ರಿ.”

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಚಿಕ್ಕಪ್ಪ ಯೋಚಿಸಿದರು! ಪ್ರೊಸೆಸರಿನ ಬಿಸಿಯನ್ನು ಹೀರಲು ಮೇಲೊಂದು ಲೋಹದ ಗಟ್ಟಿ ಕೂತಿರುತ್ತದೆ, ನಡುವೆ ಅಂಗಡಿಯ ಪೇಸ್ಟು ಬಳಿದಿರುತ್ತಾರೆ. ಅದು ನಮ್ಮ ಕಂಪ್ಯೂಟರಿನಲ್ಲಿ ಒಣಗಿ ಸುಣ್ಣವಾಗಿತ್ತು. ಅದನ್ನು ಕೆರೆದು ತೆಗೆದು, ಗಾಣದ ಹರಳೆಣ್ಣೆಯನ್ನು ನಾಲ್ಕು ತೊಟ್ಟು ಬಿಟ್ಟು, ಮಗುವಿಗೆ ಎಣ್ಣೆ ಒತ್ತುವ ಹಾಗೆ ಬೆರಳಿನಲ್ಲಿ ತಿಕ್ಕಿದರು. ನೀವು ನಂಬಬೇಕು, ಎರಡು ದಿನ ಸೊಗಸಾಗಿ ನಡೆಯಿತು! ಮೂರನೆಯ ದಿನ ಎಣ್ಣೆ ಕಾದು ಹೊಗೆಯೆದ್ದು, ಮನೆಯೆಲ್ಲ ಬಾಣಂತಿ ಕೋಣೆಯ ವಾಸನೆ. ದೆಹಲಿಯಲ್ಲಿ ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿತ್ತು.

ಅಂಗಡಿಯಿಂದ ಸರಿಯಾದ ಪೇಸ್ಟು ತಂದುಕೊಟ್ಟೆ. ಅದೊಂದೇ ಸಾಲದೆಂದು ಚಿಕ್ಕಪ್ಪ ಮಡಕೆಗೆ ಕೈಹಾಕಿದರು. ಬೇಸಿಗೆಯಲ್ಲಿ ನಮ್ಮ ಕಡೆ ಒದ್ದೆ ಮರಳಿನ ಮೇಲೆ ಕುಡಿಯುವ ನೀರಿನ ಮಡಕೆ ಇಟ್ಟು, ಮರಳಲ್ಲಿ ಒಂದು ಹಿಡಿ ರಾಗಿ ಚೆಲ್ಲುತ್ತಾರೆ. ಪೈರು ಹಸಿರಾಗಿ ಸುತ್ತ ಎದ್ದರೆ ನೀರು ಹಿಮ. ಮಿಲ್ಲಿನ ಲೇತ್ ಯಂತ್ರದಲ್ಲಿ ತಾಮ್ರದ ಪುಟ್ಟ ಗಟ್ಟಿಯೊಂದನ್ನು ಕೊರೆಸಿ ಪ್ರೊಸೆಸರಿನ ಮೇಲೆ ಕೂರಿಸಿದರು. ಹಳೆಯ ಏರ್ ಕೂಲರಿನ ಪಂಪು ಹಾಕಿ, ಮಡಕೆಯ ನೀರು ಕೊಳವೆಯಲ್ಲಿ ಆ ಗಟ್ಟಿಯೊಳಗೆ ಹಾದು ಮತ್ತೆ ಮಡಕೆಗೇ ಬರುವ ಹಾಗೆ ಮಾಡಿದರು. ಅಂದಿನಿಂದ ವಿಮಾನ ನಿಲ್ಲಲಿಲ್ಲ. ಚಿಕ್ಕಮ್ಮನ ಕೈ ಕುರ್ಚಿಯನ್ನು ಬಿಟ್ಟಿತು. “ಚಕ್ರ ಇಳಿಸ್ರಿ, ಊರು ಬಂತು” ಎಂದು ಅವರೇ ನೆನಪಿಸುವ ಮಟ್ಟಕ್ಕೆ ಬಂದರು.

ಅಷ್ಟರಲ್ಲಿ ಒಂದು ಸಂಜೆ ಹೊಸಕೋಟೆಯಿಂದ ಚಿಕ್ಕಮ್ಮನ ಅಣ್ಣ ಗೃಹಪ್ರವೇಶಕ್ಕೆ ಕರೆಯಲು ಬಂದರು. ಇವರಿಬ್ಬರೂ ಆಕಾಶದಲ್ಲಿದ್ದರು. ಪಾಪ, ತಾವೇ ಮಡಕೆಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು ಕುಡಿದು ಮುಖ ಕಿವುಚಿದರು.

“ಇದೇನಮ್ಮ, ಮಡಕೆ ನೀರು ಹಂಡೆ ನೀರಾಗೈತೆ?”

“ತಾಮ್ರದಲ್ಲಿ ಹರಿದು ಬಂದಿರೋ ನೀರು ಭಾವ, ಮಂಡಿನೋವಿಗೆ ಒಳ್ಳೇದು” ಎಂದರು ಚಿಕ್ಕಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಅಣ್ಣನಿಗೆ ಮಂಡಿನೋವು ಇತ್ತು! ಇನ್ನೂ ಎರಡು ಚೊಂಬು ಕುಡಿದರು. ಮಡಕೆಯ ನೀರು ಕೊಳವೆಯ ಬಾಯಿಗಿಂತ ಕೆಳಗಿಳಿಯಿತು, ಪಂಪು ಗೊರಗೊರ ಎಂದಿತು, ದೆಹಲಿ ಕಣ್ಣಿಗೆ ಬೀಳುವ ಹೊತ್ತಿಗೆ ವಿಮಾನ ನಿಂತಿತು. ಚಿಕ್ಕಮ್ಮ ತಿರುಗಿ, “ಏನಣ್ಣಯ್ಯ ನೀನು! ಮೂರು ಚೊಂಬು ಕುಡಿದು ನಮ್ಮ ವಿಮಾನ ನಿಲ್ಲಿಸ್ಬಿಟ್ಯಲ್ಲ!” ಎಂದು ದಬಾಯಿಸಿದರು. ತಂಗಿಗೆ ಏನೋ ಆಗಿದೆ ಎಂದುಕೊಂಡು ಅವರು ಕಾಫಿಯನ್ನೂ ಕುಡಿಯದೆ ಹೊರಟರು. ಚಿಕ್ಕಪ್ಪ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು. “ಕೇಳಿಸ್ಕೊಂಡ್ಯಾ? ‘ನಮ್ಮ ವಿಮಾನ’ ಅಂದ್ಲು!” ಎಂದು ನನಗೆ ಫೋನು ಮಾಡಿ ಹೇಳಿದರು.

ಹೀಗೆ ಎಲ್ಲ ಸರಿಹೋಯಿತು ಎನ್ನುವಾಗ, ಹೊರಡಲು ನಾಲ್ಕು ದಿನವಿರುವಂತೆ, ಚಿಕ್ಕಪ್ಪನ ಹಳೆಯ ಚಾಳಿ ಕೆರಳಿತು. ಇನ್ನೂ ನಾಕಾಣೆ ಒಳಗಿದೆ ಎಂದು ಅಂಕಿಯನ್ನು ಮತ್ತೊಂದು ಮೆಟ್ಟಿಲು ಏರಿಸಿದರು. ಅಂದು ವಿಮಾನ ನೆಲ ಮುಟ್ಟಲು ಇನ್ನೇನು ಆಳೆತ್ತರವಿದೆ ಎನ್ನುವಾಗ ಪರದೆ ಕಪ್ಪಾಯಿತು. ಚಿಕ್ಕಮ್ಮ ಎದ್ದು ಒಳಗೆ ಹೋಗಿ, ಕಟ್ಟಿಟ್ಟಿದ್ದ ಬ್ಯಾಗಿನಿಂದ ಬಾಣಂತಿ ಮದ್ದಿನ ಡಬ್ಬಿ, ಹಳೆ ಸೀರೆಯ ಮೆತ್ತನೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಇಟ್ಟರು. ಎರಡು ದಿನ ಆ ಮನೆಯಲ್ಲಿ ಯಾರೂ ಕಂಪ್ಯೂಟರ್ ಮುಟ್ಟಲಿಲ್ಲ. ಚಿಕ್ಕಪ್ಪ ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದರು.

ಮೂರನೆಯ ದಿನ ಅಳಿಯನ ಫೋನು ಬಂತು. ಸುಮಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಅಮ್ಮ ಅಮ್ಮ ಅನ್ನುತ್ತಿದ್ದಾಳೆ. ಚಿಕ್ಕಮ್ಮ ಫೋನು ಇಟ್ಟು, ಮಂಚದ ಮೇಲಿನದನ್ನೆಲ್ಲ ಮತ್ತೆ ಬ್ಯಾಗಿಗೆ ತುಂಬಿದರು. “ವಿಮಾನ ನಿಂತ್ರೆ ನಿಂತ್ಕೊಳ್ಲಿ. ನನ್ನ ಮಗು ಅಲ್ಲಿ ಒಬ್ಬಳೇ ಅವ್ಳೆ” ಎಂದರು.

ಭಾನುವಾರ ಬೆಳಿಗ್ಗೆ ನಾನೂ ಚಿಕ್ಕಪ್ಪನೂ ಅವರನ್ನು ನಿಲ್ದಾಣದ ಬಾಗಿಲವರೆಗೆ ಬಿಟ್ಟೆವು. ಚಿಕ್ಕಮ್ಮನ ಮುಖ ಬಿಳುಚಿತ್ತು. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಚಿಕ್ಕಮ್ಮನೇ, “ಗೊತ್ತು ರೀ. ಚಕ್ರ ಒಳಕ್ಕೆ ಎಳ್ಕೊಳ್ಳೋವಾಗ ಗುಡುಗುಡು ಅನ್ನುತ್ತೆ, ಹೆದರ್ಕೋಬಾರ್ದು. ನೀವು ಹಸುಗೆ ಬೂಸಾ ಇಡೋದು ಮರೀಬೇಡಿ” ಎಂದು ಹೇಳಿ, ತಿರುಗಿ ನೋಡದೆ ಒಳಗೆ ನಡೆದರು.

ಮನೆಗೆ ಬಂದವರೇ ಚಿಕ್ಕಪ್ಪ ಅಂಗಿಯನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತರು. ಚಿಕ್ಕಮ್ಮನ ವಿಮಾನ ಏಳುವ ಹತ್ತು ಗಂಟೆಗೆ ಸರಿಯಾಗಿ ಪರದೆಯ ವಿಮಾನವೂ ಎದ್ದಿತು. ನಾನು ಕಾಫಿ ಮಾಡಿಕೊಂಡು ಬಂದು ನೋಡುತ್ತೇನೆ, ಚಿತ್ರ ಎತ್ತಿನ ಗಾಡಿಯ ಹಾಗೆ ಕುಲುಕುತ್ತಾ, ಕುಂಟುತ್ತಾ ಹೋಗುತ್ತಿದೆ.

“ಇದೇನು ಚಿಕ್ಕಪ್ಪ, ಪುಲ್ಲಿ ಹಾಕಿಲ್ವಾ?”

“ತೆಗೆದಾಕ್ಬಿಟ್ಟೆ ಕಣಮ್ಮ. ಕಂಪನಿಯೋರು ಎಷ್ಟು ಇಟ್ಟಿದ್ರೋ ಅಷ್ಟಕ್ಕೇ ಇಳಿಸ್ಬಿಟ್ಟೆ. ಕುಂಟಿದ್ರೆ ಕುಂಟ್ಲಿ.” ಮಡಕೆಯನ್ನೊಮ್ಮೆ ಮುಟ್ಟಿ ನೋಡಿ ಹೇಳಿದರು, “ಅವ್ಳು ಮೇಲವ್ಳೆ. ಇವತ್ತು ಇದು ನಿಲ್ಲಬಾರ್ದು.”

ನನಗೆ ನಗು ಬರಲಿಲ್ಲ. ಅವರ ಒಂದು ಕೈ ಆಟದ ವಿಮಾನ ತಿರುಗಿಸುವ ಹಿಡಿಯ ಮೇಲೆ, ಇನ್ನೊಂದು ಕೈ ಮಡಕೆಯ ಮೇಲಿತ್ತು. ಎರಡೂ ಮುಕ್ಕಾಲು ಗಂಟೆ ಕಾಫಿ ಮುಟ್ಟಲಿಲ್ಲ, ಎದ್ದು ಬಚ್ಚಲಿಗೂ ಹೋಗಲಿಲ್ಲ. ನಾನು ಆಗಾಗ ಮಡಕೆಗೆ ನೀರು ಹಾಕುತ್ತಾ ಪಕ್ಕದಲ್ಲೇ ಕೂತಿದ್ದೆ.

ಒಂದು ಗಂಟೆಯ ಸುಮಾರಿಗೆ ಫೋನು ಬಂತು. ನಾನೇ ಎತ್ತಿ ಅವರ ಕಿವಿಗೆ ಹಿಡಿದೆ. ಚಿಕ್ಕಮ್ಮನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. “ರೀ, ಇಳಿದೆ ಕಣ್ರೀ! ಎಲ್ಲೂ ನಿಲ್ಲಲಿಲ್ಲ! ಈಗ ಆಸ್ಪತ್ರೆಗೇ ಹೋಗ್ತಾ ಇದೀವಿ.”

ಚಿಕ್ಕಪ್ಪ “ಹೂಂ” ಎಂದರು. ಕಣ್ಣಿಂದ ನೀರು ಇಳಿದು ಗಡ್ಡದ ಕೂಳೆಯಲ್ಲಿ ಸೇರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕುಂಟುತ್ತಾ ಬಂದ ಅವರ ವಿಮಾನ ದೆಹಲಿಯಿಂದ ಇನ್ನೂ ಅರ್ಧ ಗಂಟೆಯಷ್ಟು ದೂರದಲ್ಲಿತ್ತು.

“ಚಿಕ್ಕಮ್ಮ ಸೇರಿದ್ರಲ್ಲ, ಇನ್ನು ಆರಿಸ್ಲಾ?” ಎಂದು ಗುಂಡಿಯ ಕಡೆ ಕೈ ಚಾಚಿದೆ.

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. “ಇರಮ್ಮ, ಇಳಿಸ್ಬಿಡ್ತೀನಿ. ಅವ್ಳನ್ನ ಕೂರಿಸ್ಕೊಂಡು ಬಂದಿದೀನಿ.”